ಸುರಸೆಯ ಬಾಯಿಂದ ಕಲಿತದ್ದು: ಮಕ್ಕಳ ನಾಟಕ ಬರೆದ ನನ್ನ ಅನುಭವ

ಹೋದ ವರ್ಷ ಬೇಸಿಗೆ ಶಿಬಿರಕ್ಕೆ ಅಂತ ಒಂದು ಮಕ್ಕಳ ನಾಟಕ ಬರೆದೆ. ಮೊದಲ ಸಲ ಅದು ಯಾಕೆ ಕೆಟ್ಟೋಯ್ತು, ಆಮೇಲೆ ಹೇಗೆ ಸರಿ ಮಾಡಿದೆ ಅಂತ ಬರೀತಿದೀನಿ, ಕಥೆ ನಾಟಕ ಬರೆಯೋರಿಗೆ ಉಪಯೋಗ ಆಗ್ಬಹುದು.

ಕಥೆ ಇಷ್ಟೇ. ಊರಿನ ಹಳ್ಳ ಬತ್ತಿದೆ, ಒಬ್ಬ ಹುಡುಗಿ ನೀರಿನ ಮೂಲ ಹುಡುಕ್ಕೊಂಡು ಗುಡ್ಡ ಹತ್ತುತಾಳೆ. ನಾಯಕ ಮನೆ ಬಿಟ್ಟು ಹೋಗಿ, ಕಷ್ಟ ಗೆದ್ದು, ಏನೋ ಒಂದನ್ನ ತಗೊಂಡು ವಾಪಸ್ ಬರೋ ಕಥೆ ಊರೂರಿನ ಪುರಾಣದಲ್ಲೂ ಇದೆ ಅಂತ ಅಮೆರಿಕದ ಪುರಾಣ ವಿದ್ವಾಂಸ ಜೋಸೆಫ್ ಕ್ಯಾಂಬೆಲ್ 1949ರಲ್ಲೇ ಬರೆದಿದ್ದ, ಡಿಸ್ನಿಯಲ್ಲಿ ಕೆಲಸ ಮಾಡ್ತಿದ್ದ ಕ್ರಿಸ್ಟೋಫರ್ ವೋಗ್ಲರ್ 1985ರಲ್ಲಿ ಅದನ್ನ 7 ಪುಟದ ಟಿಪ್ಪಣಿಗೆ ಇಳಿಸಿದ, ಆಮೇಲೆ ಸಿನಿಮಾ ಬರೆಯೋರು ಅದನ್ನ ಹಿಡ್ಕೊಂಡ್ರು. ಆ ದಾರೀಲಿ ಸಿಗೋರು ಅಂತ ಎಂಟು ಪಾತ್ರ ಹೇಳ್ತಾರೆ: ನಾಯಕ, ಗುರು, ಸುದ್ದಿ ತರೋನು, ಬಾಗಿಲು ಕಾಯೋನು, ಬಣ್ಣ ಬದಲಿಸೋನು, ಜೊತೆಗಾರ, ಹಾಸ್ಯಗಾರ, ಮತ್ತೆ ನೆರಳು ಅಂದ್ರೆ ಖಳ. ನಾನು ಚಾರ್ಟ್ ಮುಂದಿಟ್ಕೊಂಡು ಎಂಟಕ್ಕೂ ಒಬ್ಬೊಬ್ಬರನ್ನ ಮಾಡಿಟ್ಟೆ.

ಮೊದಲ ರೀಡಿಂಗಲ್ಲೇ ಗೊತ್ತಾಯ್ತು, ಜೀವ ಇಲ್ಲ. ಒಬ್ಬೊಬ್ಬರೇ ಬರ್ತಾರೆ, ತಮ್ಮ ಕೆಲಸ ಮುಗಿಸಿ ಹೋಗ್ತಾರೆ. ಗುರು ಅಜ್ಜನ ಪಾತ್ರ ಮಾಡ್ತಿದ್ದ ಏಳನೇ ಕ್ಲಾಸಿನ ಹುಡುಗ ಕೇಳಿದ, "ಅಕ್ಕಾ, ಬುದ್ಧಿ ಹೇಳಿ ಆಯ್ತಲ್ಲ, ನಾನಿನ್ನು ಇಲ್ಲಿ ಯಾಕೆ ನಿಂತಿರ್ಬೇಕು?" ನನ್ನ ಹತ್ರ ಉತ್ತರ ಇರ್ಲಿಲ್ಲ.

ಮಾರನೇ ದಿನ ನಾಟಕ ಬದಿಗಿಟ್ಟು ಹನುಮಂತ ಸಮುದ್ರ ಹಾರೋ ಕಥೆ ತಗೊಂಡೆ, ಅದಾದ್ರೆ ಎಲ್ಲ ಮಕ್ಕಳಿಗೂ ಗೊತ್ತು. ರಟ್ಟಲ್ಲಿ ಎಂಟು ಮುಖವಾಡ ಕತ್ತರಿಸಿ, ಪ್ರತಿ ಸೀನಲ್ಲೂ ಯಾರು ಯಾವುದನ್ನ ಹಾಕ್ಕೋಬೇಕು ನೀವೇ ಹೇಳಿ ಅಂದೆ.

ಶುರುವಾಗೋದೇ ದಡದಲ್ಲಿ. 100 ಯೋಜನ ದಾಟ್ಬೇಕು, ಕಪಿಗಳೆಲ್ಲ ತಮ್ಮ ತಮ್ಮ ಅಳತೆ ಹೇಳ್ತಾರೆ, ಗಜ ಅನ್ನೋ ಕಪಿ 10 ಅಂತಾನೆ, ಜಾಂಬವಂತ 90 ಅಂತಾನೆ, ಅಂಗದ ಹೋಗೋಕಾಗುತ್ತೆ, ವಾಪಸ್ ಬರೋದು ಅನುಮಾನ ಅಂತಾನೆ. ಹನುಮಂತ ಒಂದು ಮೂಲೇಲಿ ಸುಮ್ನೆ ಕೂತಿದಾನೆ. ಜಾಂಬವಂತ ಹೋಗಿ ಅವನಿಗೆ ಹೊಸದಾಗಿ ಏನೂ ಕಲಿಸಲ್ಲ, ಮಂತ್ರ ಕತ್ತಿ ಏನೂ ಕೊಡಲ್ಲ, ನೀನು ಯಾರು ಅಂತ ನೆನಪು ಮಾಡ್ತಾನೆ ಅಷ್ಟೇ. ನನ್ನ ನಾಟಕದ ಅಜ್ಜ ಎರಡು ಪುಟ ಉಪದೇಶ ಮಾಡ್ತಿದ್ದ.

ನನ್ನ ಕಣ್ಣು ತೆರೆಸಿದ್ದು ದಾರೀಲಿ ಎದುರಾಗೋರು. ಮೈನಾಕ ಪರ್ವತ ಎದ್ದು ನಿಂತು ಸ್ವಲ್ಪ ಕೂತು ಹೋಗಪ್ಪ ಅಂತಾನೆ, ಪ್ರೀತಿನೂ ಒಂದು ಅಡ್ಡಿನೇ, ಹನುಮಂತ ಕೈಯಿಂದ ಮುಟ್ಟಿ ಮುಂದೆ ಹೋಗ್ತಾನೆ. ಆಮೇಲೆ ನಾಗಗಳ ತಾಯಿ ಸುರಸೆ, ಅವಳನ್ನ ಕಳಿಸಿದ್ದು ದೇವತೆಗಳು, ಪರೀಕ್ಷೆ ಮಾಡೋಕೆ. ನನ್ನ ಬಾಯೊಳಗೆ ಹೋಗದೆ ದಾಟೋಹಾಗಿಲ್ಲ ಅಂತಾಳೆ, ಇವನು ದೊಡ್ಡವನಾದಷ್ಟೂ ಅವಳು ಬಾಯಿ ಅಗಲಿಸ್ತಾಳೆ, ಅದು 100 ಯೋಜನ ಆದಾಗ ಇವನು ಹೆಬ್ಬೆರಳಷ್ಟಾಗಿ ಒಳಗೆ ಹೋಗಿ ಹೊರಗೆ ಬಂದು ಕೈಮುಗೀತಾನೆ, ಅವಳು ಹರಸಿ ಕಳಿಸ್ತಾಳೆ. ಆಮೇಲೆ ಸಿಂಹಿಕೆ, ನೀರಿನ ಮೇಲೆ ಬಿದ್ದ ನೆರಳನ್ನೇ ಹಿಡಿದು ಎಳೆಯೋಳು. ಅಲ್ಲೂ ಹನುಮಂತ ಚಿಕ್ಕವನಾಗಿ ಬಾಯೊಳಗೇ ಹೋಗ್ತಾನೆ, ಈ ಸಲ ಸೀಳ್ಕೊಂಡು ಬರ್ತಾನೆ. ಅದೇ ಉಪಾಯ, ಅದೇ ಬಾಯಿ, ಒಂದು ಕಡೆ ನಮಸ್ಕಾರ, ಇನ್ನೊಂದು ಕಡೆ ಸಾವು. ಮಕ್ಕಳು ಅರ್ಧ ಗಂಟೆ ಜಗಳ ಆಡಿ ಬಾಗಿಲು ಕಾಯೋ ಮುಖವಾಡ ಸುರಸೆಗೆ ಕೊಟ್ರು, ಸಿಂಹಿಕೆಗೆ ನೆರಳಿಂದು. ನಾನು ಬಾಯಿ ಹಾಕ್ಲಿಲ್ಲ.

ಅಶೋಕವನಕ್ಕೆ ಬಂದಾಗ ಐದನೇ ಕ್ಲಾಸಿನ ಒಬ್ಬಳು ಬಣ್ಣ ಬದಲಿಸೋ ಮುಖವಾಡ ತಂದು ಹನುಮಂತನಿಗೇ ಹಾಕಿದ್ಲು. ಯಾಕೆ ಅಂದೆ. "ಸೀತೆ ಇವನನ್ನ ರಾವಣನೇ ವೇಷ ಹಾಕ್ಕೊಂಡು ಬಂದಿದಾನೆ ಅನ್ಕೊಳ್ತಾಳಲ್ಲ" ಅಂದ್ಲು. ನಿಜ, ಅವಳ ಕಡೆಯಿಂದ ನೋಡಿದ್ರೆ ಹಾಗೇ. ಉಂಗುರ ಕೊಟ್ಟಾಗ ಅದೇ ಹನುಮಂತ ಸುದ್ದಿ ತರೋನು.

ಯಕ್ಷಗಾನ ನೋಡ್ಕೊಂಡು ಬೆಳೆದವಳು ನಾನು. ಹಾಸ್ಯಗಾರ ಒಬ್ಬನೇ ಒಮ್ಮೆ ದೂತ, ಒಮ್ಮೆ ಬಾಗಿಲು ಕಾಯೋನು, ಇನ್ನೊಮ್ಮೆ ಬ್ರಾಹ್ಮಣ ಆಗಿ ಬರೋದನ್ನ ಎಷ್ಟು ಸಲ ನೋಡಿಲ್ಲ. ವೇಷ ಆ ಸೀನಿಂದು, ಮನುಷ್ಯ ಅದಕ್ಕಿಂತ ದೊಡ್ಡೋನು. ವೋಗ್ಲರ್ ಕೂಡ ಇವನ್ನ ಪಾತ್ರ ಬೇಕಾದಾಗ ಹಾಕ್ಕೊಳೋ ಮುಖವಾಡ ಅಂತಲೇ ಹೇಳಿರೋದು, ನಾನು ಓದಿದ್ದು ಚಾರ್ಟ್ ಮಾತ್ರ.

ರಾತ್ರಿ ಕೂತು ತಿರುಗ ಬರೆದೆ, ಎಂಟು ಜನ ಐದಾದ್ರು. ಅಜ್ಜನೇ ಈಗ ಮೊದಲು ಗೇಟಿಗೆ ಅಡ್ಡ ನಿಂತು ಗುಡ್ಡದ ಕಡೆ ಹೋಗ್ಬೇಡ ಅಂತ ತಡೀತಾನೆ. ಎರಡನೇ ಸೀನಲ್ಲಿ ಅವನೇ ದಾರಿ ಹೇಳ್ತಾನೆ, ಒಂದೇ ಮಾತು, "ನಿಮ್ಮಜ್ಜಿ ನೀರಿನ ಸದ್ದು ಕೇಳ್ಕೊಂಡು ಹೋಗ್ತಿದ್ಲು". ಕೊನೇಲಿ ಗುಡ್ಡದ ಮೇಲೆ ಹುಡುಗಿಗೆ ಸಿಗೋದು ಒಂದು ಕಪ್ಪು ಪೈಪು, ಅದು ಹೋಗಿ ಸೇರೋದು ಅಜ್ಜನ ಅಡಿಕೆ ತೋಟಕ್ಕೆ. ಖಳನಿಗೆ ಅಂತ ಬೇರೆ ಹುಡುಗನನ್ನ ಹುಡುಕೋದೇ ಬೇಕಾಗ್ಲಿಲ್ಲ.

ಆ ಏಳನೇ ಕ್ಲಾಸಿನ ಹುಡುಗ ಹೊಸ ಸ್ಕ್ರಿಪ್ಟ್ ಪೂರ್ತಿ ಓದಿ ತುಂಬಾ ಹೊತ್ತು ಮಾತಾಡ್ಲಿಲ್ಲ. ಶೋ ದಿನ ಹುಡುಗಿ ಪೈಪಿನ ತುದಿ ಹಿಡ್ಕೊಂಡು ಮುಂದೆ ನಿಂತಾಗ ಅಜ್ಜನಿಗೆ ನಾನು ನಾಲ್ಕು ಸಾಲು ಬರೆದಿದ್ದೆ, ಅವನು ಒಂದನ್ನೂ ಹೇಳ್ಲಿಲ್ಲ. ಹೆಗಲ ಮೇಲಿದ್ದ ಟವೆಲ್ ತೆಗೆದು ಕೆಳಗಿಟ್ಟು, ಬಗ್ಗಿ ಪೈಪು ಸುತ್ತೋಕೆ ಶುರು ಮಾಡಿದ, ಒಂದು ಸುತ್ತು, ಎರಡು ಸುತ್ತು. ಮುಂದಿನ ಸಾಲಲ್ಲಿ ಕೂತಿದ್ದ ತೋಟದ ಯಜಮಾನ್ರೊಬ್ರು ತಲೆ ಬಗ್ಗಿಸಿದ್ರು.