ಪತ್ರಾಗಾರದಲ್ಲಿ ಇಂಟರ್ನ್‌ಶಿಪ್: ಪೆಟ್ಟಿಗೆಯ ಕಾಗದ ಡಿಜಿಟಲ್ ಸಂಗ್ರಹವಾಗುವ ಬಗೆ

ಪತ್ರಾಗಾರ, ಗ್ರಂಥಾಲಯ, ವಸ್ತುಸಂಗ್ರಹಾಲಯಗಳಲ್ಲಿ ಡಿಜಿಟಲ್ ಮಾನವಿಕಗಳ (ಇತಿಹಾಸ, ಸಾಹಿತ್ಯದಂಥ ವಿಷಯಗಳ ಅಧ್ಯಯನಕ್ಕೆ ಕಂಪ್ಯೂಟರ್ ಬಳಸುವ ಕ್ಷೇತ್ರ) ಇಂಟರ್ನ್‌ಶಿಪ್‌ಗೆ ಸೇರುವ ಬಹಳಷ್ಟು ವಿದ್ಯಾರ್ಥಿಗಳು ಸ್ಕ್ಯಾನ್ ಮಾಡುವುದೇ ಕೆಲಸ ಅಂದುಕೊಂಡು ಬರುತ್ತಾರೆ. ಸ್ಕ್ಯಾನಿಂಗ್ ಬೇಗ ಕೈಗೆ ಹತ್ತುತ್ತದೆ. ಆ ಚಿತ್ರ ಯಾವುದರದು, ಬರೆದವರು ಯಾರು, ಯಾವಾಗಿನದು, ಮೂಲ ಕಾಗದ ಯಾವ ಪೆಟ್ಟಿಗೆಯಲ್ಲಿದೆ, ಬಳಸಲು ಅನುಮತಿ ಇದೆಯೇ ಎಂಬುದನ್ನು ಮುಂದೆ ಹುಡುಕಿಕೊಂಡು ಬರುವವರಿಗೆ ತಿಳಿಯುವಂತೆ ಬರೆದಿಡುವುದೇ ಹೆಚ್ಚಿನ ಕೆಲಸ. ವಿವರವಿಲ್ಲದ ಐದು ಸಾವಿರ ಚಿತ್ರಗಳಿಗಿಂತ ಪೂರ್ತಿ ವಿವರವಿರುವ ಮುನ್ನೂರು ಚಿತ್ರಗಳು ಸಂಶೋಧಕರಿಗೆ ಉಪಯೋಗಕ್ಕೆ ಬರುತ್ತವೆ. ಕೆಳಗಿನ ಹಂತಗಳನ್ನು ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಓದಿ.

ಸೇರುವ ಮೊದಲು

ಅರ್ಜಿಯಲ್ಲಿ ‘ಇತಿಹಾಸದಲ್ಲಿ ಆಸಕ್ತಿ ಇದೆ’ ಎಂದು ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಹಕ್ಕುಸ್ವಾಮ್ಯ ಮುಗಿದ ಹತ್ತು ಹಳೆಯ ಫೋಟೊ ಅಥವಾ ಪತ್ರಗಳನ್ನು ಆಯ್ದುಕೊಂಡು, ಶೀರ್ಷಿಕೆ, ಕರ್ತೃ, ದಿನಾಂಕ, ಸ್ಥಳ, ವಿವರಣೆ ಎಂಬ ಕಾಲಮ್‌ಗಳಿರುವ ಹತ್ತು ಸಾಲಿನ ಸ್ಪ್ರೆಡ್‌ಶೀಟ್ ಮಾಡಿ ಅರ್ಜಿಯ ಜೊತೆ ಲಗತ್ತಿಸಿ. ಆಯ್ಕೆ ಮಾಡುವವರು ಮೊದಲು ನೋಡುವುದು ಇದನ್ನೇ. ಕೋಡಿಂಗ್ ಬರಲೇಬೇಕೆಂದಿಲ್ಲ. ಒಂದೇ ರೀತಿಯ ವಿವರವನ್ನು ಹತ್ತೂ ಸಾಲುಗಳಲ್ಲಿ ಒಂದೇ ರೀತಿ ಬರೆಯುವ ಶಿಸ್ತು ಬೇಕು.

ಆಯ್ಕೆಯಾದ ಮೇಲೆ ಕೆಲಸದ ವ್ಯಾಪ್ತಿಯನ್ನು ಒಂದು ಪುಟದಲ್ಲಿ ಬರೆಸಿಕೊಳ್ಳಿ. ಯಾವ ಸಂಗ್ರಹ, ಎಷ್ಟು ಪೆಟ್ಟಿಗೆ, ತಪ್ಪು ಪರಿಶೀಲಿಸುವವರು ಯಾರು, ಕೊನೆಯಲ್ಲಿ ಕೈಗೆ ಬರಬೇಕಾದ್ದೇನು, ನಿಮ್ಮ ಹೆಸರು ಎಲ್ಲಿ ಕಾಣಿಸಿಕೊಳ್ಳುತ್ತದೆ, ಗೌರವಧನ ಇದೆಯೇ ಎಂಬುದೆಲ್ಲ ಅದರಲ್ಲಿರಲಿ. ಇದನ್ನು ಕೇಳಲು ಸಂಕೋಚ ಬೇಡ. ವ್ಯಾಪ್ತಿ ಬರೆಯದೆ ಶುರುವಾದ ಕೆಲಸ ವಾರವಾರವೂ ಹಿಗ್ಗುತ್ತಾ ಹೋಗಿ ಅರ್ಧಕ್ಕೇ ನಿಲ್ಲುತ್ತದೆ.

ಎಷ್ಟು ಹಾಳೆ ಮುಗಿಸಬಹುದೆಂದು ಊಹಿಸಬೇಡಿ, ಅಳೆದು ನೋಡಿ. ಇಪ್ಪತ್ತು ಹಾಳೆಗಳನ್ನು ಸ್ಕ್ಯಾನಿಂಗ್‌ನಿಂದ ಹಿಡಿದು ವಿವರ ಬರೆಯುವವರೆಗೆ ಪೂರ್ತಿ ಮುಗಿಸಿ ಸಮಯ ಗುರುತಿಸಿಕೊಳ್ಳಿ. ಹಾಳೆಗೆ ಆರು ನಿಮಿಷ ಬಂತೆನ್ನಿ. ವಾರಕ್ಕೆ 20 ಗಂಟೆಯಂತೆ ಎಂಟು ವಾರಕ್ಕೆ 160 ಗಂಟೆ. ತರಬೇತಿ, ಸಭೆ, ಮರುಕೆಲಸಕ್ಕೆ ಮೂರನೇ ಒಂದು ಪಾಲು ತೆಗೆದಿಟ್ಟರೆ ಉಳಿಯುವುದು ಸುಮಾರು 106 ಗಂಟೆ. ಅಂದರೆ ಸಾವಿರ ಹಾಳೆಗೆ ಸ್ವಲ್ಪ ಹೆಚ್ಚು. ಮೂರು ಸಾವಿರ ಹಾಳೆಯ ಪೆಟ್ಟಿಗೆ ಕೊಟ್ಟಿದ್ದರೆ ಮೊದಲ ವಾರದಲ್ಲೇ ಈ ಲೆಕ್ಕ ತೋರಿಸಿ, ಯಾವ ಭಾಗ ಮುಖ್ಯವೆಂದು ಕೇಳಿಕೊಳ್ಳಿ.

ಪೆಟ್ಟಿಗೆ ತೆರೆದಾಗ

ಮೊದಲ ನಿಯಮ: ಕ್ರಮ ಬದಲಿಸಬೇಡಿ. ಕಾಗದಗಳು ಕಲಸಿಹೋದಂತೆ ಕಂಡರೂ ದಿನಾಂಕದ ಪ್ರಕಾರ ಜೋಡಿಸಲು ಹೋಗಬೇಡಿ. ಒಬ್ಬ ವ್ಯಕ್ತಿ ಅಥವಾ ಕಚೇರಿಯಿಂದ ಬಂದ ದಾಖಲೆಗಳನ್ನು ಒಟ್ಟಿಗೇ ಇಡಬೇಕೆಂಬ ತತ್ವವನ್ನು ಫ್ರಾನ್ಸ್ 1841ರಲ್ಲೇ ತನ್ನ ಪತ್ರಾಗಾರಗಳಿಗೆ ನಿಯಮವಾಗಿಸಿತು. ಮೂಲ ಕ್ರಮವನ್ನು ಉಳಿಸುವ ತತ್ವ ಅದರ ಜೊತೆಗೆ ಬೆಳೆದು ಬಂತು. ಇದಕ್ಕೆ ಬಲವಾದ ಕಾರಣವಿದೆ. ಒಂದು ದೂರು ಪತ್ರದ ಹಿಂದೆಯೇ ಒಂದು ರಸೀದಿ ಇದ್ದರೆ, ಆ ದೂರು ಯಾವ ಹಣದ ಬಗ್ಗೆ ಎಂಬುದು ಅವು ಅಕ್ಕಪಕ್ಕ ಇರುವುದರಿಂದಲೇ ಗೊತ್ತಾಗಬಹುದು. ರಸೀದಿಗಳನ್ನೆಲ್ಲ ಬೇರೆ ಕಟ್ಟು ಮಾಡಿದರೆ ಆ ಸಂಬಂಧ ಮತ್ತೆ ಸಿಗುವುದಿಲ್ಲ. ಕಂಪ್ಯೂಟರಿನಲ್ಲಿ ಹೇಗೆ ಬೇಕಾದರೂ ವಿಂಗಡಿಸಿ, ಪೆಟ್ಟಿಗೆಯಲ್ಲಿ ಮಾತ್ರ ಕೈಹಾಕಬೇಡಿ.

ಮೇಜಿನ ಮೇಲೆ ಪೆನ್ಸಿಲ್ ಮಾತ್ರ ಇರಲಿ. ನೀರಿನ ಬಾಟಲಿ, ಪೆನ್ನು ಬೇಡ. ಕಾಗದ ಮುಟ್ಟಲು ತೊಳೆದು ಒರೆಸಿಕೊಂಡ ಬರಿಗೈಯೇ ಒಳ್ಳೆಯದು. ಹತ್ತಿಯ ಕೈಗವಸಿನಲ್ಲಿ ಬೆರಳಿಗೆ ಅಂಚು ತಿಳಿಯುವುದಿಲ್ಲ, ಹಾಳೆ ಹರಿಯುತ್ತದೆ. ಫೋಟೊ ಮತ್ತು ನೆಗೆಟಿವ್‌ಗಳಿಗೆ ಮಾತ್ರ ನೈಟ್ರೈಲ್ ಕೈಗವಸು ಬೇಕು, ಬೆರಳಿನ ಎಣ್ಣೆ ಅವುಗಳ ಮೇಲೆ ಗುರುತು ಬಿಡುತ್ತದೆ. ತುಕ್ಕು ಹಿಡಿದ ಪಿನ್ನು, ಕ್ಲಿಪ್ಪು ಕಂಡರೆ ಎಳೆಯದೆ ಮೇಲ್ವಿಚಾರಕರಿಗೆ ತೋರಿಸಿ.

ಮೂರು ಸಂದರ್ಭಗಳಲ್ಲಿ ಕೆಲಸ ನಿಲ್ಲಿಸಲೇಬೇಕು. ಬೂಷ್ಟು ಕಂಡರೆ ಪೆಟ್ಟಿಗೆ ಮುಚ್ಚಿ ತಿಳಿಸಿ. ಒರೆಸಲು ಹೋದರೆ ಬೀಜಕಣಗಳು ಹರಡಿ ನಿಮ್ಮ ಶ್ವಾಸಕ್ಕೂ ಉಳಿದ ಪೆಟ್ಟಿಗೆಗಳಿಗೂ ಸೇರುತ್ತವೆ. ಫಿಲ್ಮಿನ ಡಬ್ಬಿಯಿಂದ ವಿನೆಗರ್ ವಾಸನೆ ಬಂದರೆ ಅಸಿಟೇಟ್ ಫಿಲ್ಮು ಕೊಳೆಯುತ್ತಿದೆ ಎಂದರ್ಥ; ಅದು ಪಕ್ಕದ ಡಬ್ಬಿಗಳನ್ನೂ ಕೆಡಿಸುತ್ತದೆ. ಕಬ್ಬಿಣದ ಅಂಶವಿರುವ ಹಳೆಯ ಶಾಯಿ ಕಾಗದವನ್ನು ತಿಂದು, ಅಕ್ಷರವಿದ್ದ ಜಾಗದಲ್ಲೇ ತೂತು ಬಿದ್ದಿದ್ದರೆ ಆ ಹಾಳೆಯನ್ನು ಮಡಿಸಬೇಡಿ, ಗಾಜಿನ ಕೆಳಗೆ ಒತ್ತಲೂ ಬೇಡಿ.

ಫೈಲಿನ ಹೆಸರು ಮತ್ತು ಸ್ಕ್ಯಾನಿಂಗ್

ಸ್ಕ್ಯಾನ್ ಶುರುವಾಗುವ ಮುನ್ನವೇ ಫೈಲಿನ ಹೆಸರಿನ ಪದ್ಧತಿ ನಿಶ್ಚಯವಾಗಿರಬೇಕು. ಪೆಟ್ಟಿಗೆ, ಕಡತ, ದಾಖಲೆ, ಪುಟ ಎಂಬ ಕ್ರಮದಲ್ಲಿ 002_014_0037_001 ಎಂಬಂಥ ಹೆಸರು ಸಾಕು. ಅಂಕಿಯ ಎಡಕ್ಕಿರುವ ಸೊನ್ನೆಗಳನ್ನು ಬಿಡಬೇಡಿ. ಬಿಟ್ಟರೆ ಹಲವು ತಂತ್ರಾಂಶಗಳಲ್ಲಿ 10 ಮತ್ತು 11ನೇ ಪುಟಗಳು 2ನೇ ಪುಟಕ್ಕಿಂತ ಮೊದಲು ಬಂದು ಕೂರುತ್ತವೆ. ಹೆಸರಿನಲ್ಲಿ ಖಾಲಿ ಜಾಗ, ‘ಅಂತಿಮ’, ‘ಹೊಸದು’ ಇವೆಲ್ಲ ಬೇಡ. ದಾಖಲೆಯ ವಿಷಯವನ್ನೂ ಹೆಸರಿನಲ್ಲಿ ತುರುಕಬೇಡಿ, ಅದರ ಜಾಗ ಮೆಟಾಡೇಟಾ, ಅಂದರೆ ದಾಖಲೆಯ ಬಗೆಗಿನ ವಿವರಗಳ ಪಟ್ಟಿ.

ಅಚ್ಚಾದ ಅಥವಾ ಕೈಬರಹದ ಹಾಳೆಗೆ ಇಂಚಿಗೆ 400 ಪಿಕ್ಸೆಲ್, 24 ಬಿಟ್ ಬಣ್ಣ, ಸಂಕುಚಿಸದ ಟಿಫ್ (ಚಿತ್ರದ ಎಲ್ಲ ವಿವರ ಉಳಿಸುವ ಫೈಲಿನ ಬಗೆ) ಸುರಕ್ಷಿತ ಆಯ್ಕೆ. ಸಣ್ಣ ಫೋಟೊಗಳಿಗೆ 600ಕ್ಕೆ ಕಡಿಮೆ ಬೇಡ. 35 ಮಿ.ಮೀ. ನೆಗೆಟಿವ್‌ಗೆ 3000ದಿಂದ 4000 ಬೇಕಾಗುತ್ತದೆ. 400ರಲ್ಲಿ ಎ4 ಹಾಳೆಯೊಂದು ಸುಮಾರು 46 ಎಂಬಿ ತೂಗುತ್ತದೆ. ಸಾವಿರ ಹಾಳೆಗೆ 46 ಜಿಬಿ, ಮೂರು ಪ್ರತಿಗಳಿಗೆ 140 ಜಿಬಿ ಹತ್ತಿರ. ಇಷ್ಟು ಜಾಗ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ. ಜಾಲತಾಣಕ್ಕೆ ಬೇಕಾದ ಜೆಪೆಗ್ ಪ್ರತಿಯನ್ನು ಟಿಫ್‌ನಿಂದ ಆಮೇಲೆ ತೆಗೆಯಬಹುದು. ಜೆಪೆಗ್‌ನಲ್ಲಿ ಕಳೆದುಹೋದ ವಿವರ ಮಾತ್ರ ಟಿಫ್ ಮಾಡಿದರೆ ಮರಳುವುದಿಲ್ಲ.

ಸ್ವಯಂ ಕತ್ತರಿಸುವಿಕೆ, ಹೊಳಪು, ತೀಕ್ಷ್ಣತೆಯ ಆಯ್ಕೆಗಳನ್ನೆಲ್ಲ ಆಫ್ ಮಾಡಿಬಿಡಿ. ಹಾಳೆಯ ನಾಲ್ಕೂ ಅಂಚು ಚಿತ್ರದೊಳಗೆ ಕಾಣಬೇಕು, ಆಗಲೇ ಏನೂ ಕತ್ತರಿಸಿಲ್ಲವೆಂದು ಓದುಗರಿಗೆ ನಂಬಿಕೆ. ತೆಳು ಕಾಗದದಲ್ಲಿ ಹಿಂಬದಿಯ ಬರಹ ಇಣುಕುತ್ತಿದ್ದರೆ ಹಿಂದೆ ಕಪ್ಪು ಹಾಳೆ ಇಡಿ. ಖಾಲಿ ಕಂಡ ಹಿಂಬದಿಯನ್ನೂ ತಿರುಗಿಸಿ ನೋಡಿ. ಪೆನ್ಸಿಲ್ ಟಿಪ್ಪಣಿ, ಅಂಚೆ ಮುದ್ರೆ, ಫೋಟೊ ಸ್ಟುಡಿಯೊದ ಮೊಹರು ಇರುವುದು ಅಲ್ಲೇ. ಹಾಳೆಯನ್ನು ತಾನೇ ಎಳೆದುಕೊಳ್ಳುವ ಸ್ಕ್ಯಾನರಿಗೆ ಹಳೆಯ ಕಾಗದ ಕೊಡಲೇಬಾರದು. ಫೋನಿನ ಸ್ಕ್ಯಾನ್ ಆ್ಯಪ್‌ಗಳೂ ಬೇಡ. ಅವು ಹಿನ್ನೆಲೆಯನ್ನು ಬೆಳ್ಳಗೆ ಮಾಡುವ ಭರದಲ್ಲಿ ಪೆನ್ಸಿಲ್ ಗೆರೆಗಳನ್ನು ಅಳಿಸಿಹಾಕುತ್ತವೆ.

ದಿನದ ಕೊನೆಗೆ ಹಾಳೆಗಳ ಲೆಕ್ಕವೂ ಚಿತ್ರಗಳ ಲೆಕ್ಕವೂ ತಾಳೆಯಾಗಬೇಕು. ಹತ್ತಕ್ಕೊಂದು ಚಿತ್ರವನ್ನು ಬೇರೊಬ್ಬರು ಪೂರ್ಣ ಗಾತ್ರದಲ್ಲಿ ತೆರೆದು ನೋಡಲಿ. ಆಮೇಲೆ ಪ್ರತಿ ಫೈಲಿಗೂ ಶಾ-256 ಚೆಕ್‌ಸಮ್ (ಫೈಲಿನ ಒಳಗಿರುವುದರಿಂದ ಕಂಪ್ಯೂಟರ್ ಲೆಕ್ಕಹಾಕುವ ಗುರುತಿನ ಸಂಖ್ಯೆ) ತೆಗೆದಿಡಿ. ಫೈಲಿನ ಒಂದು ಬಿಟ್ ಬದಲಾದರೂ ಈ ಸಂಖ್ಯೆ ಪೂರ್ತಿ ಬೇರೆಯಾಗುವುದರಿಂದ, ನಕಲು ಮಾಡುವಾಗ ಕೆಟ್ಟ ಫೈಲು ತಕ್ಷಣ ಸಿಕ್ಕಿಬೀಳುತ್ತದೆ. ಫೈಲುಗಳನ್ನು ಇಡುವ ಕ್ರಮ: ಮೂರು ಪ್ರತಿ, ಎರಡು ಬಗೆಯ ಶೇಖರಣಾ ಮಾಧ್ಯಮ, ಒಂದು ಪ್ರತಿ ಬೇರೆ ಕಟ್ಟಡದಲ್ಲಿ.

ಮೆಟಾಡೇಟಾ: ಹೆಚ್ಚು ಸಮಯ ಇಲ್ಲಿಗೆ

ಬಹುಪಾಲು ಸಂಸ್ಥೆಗಳಲ್ಲಿ ನಿಮಗೆ ಸಿಗುವ ಕಾಲಮ್‌ಗಳು ಡಬ್ಲಿನ್ ಕೋರ್ ಎಂಬ ಮಾನದಂಡದಿಂದ ಬಂದಿರುತ್ತವೆ. 1995ರಲ್ಲಿ ಅಮೆರಿಕದ ಒಹಾಯೊ ರಾಜ್ಯದ ಡಬ್ಲಿನ್‌ನಲ್ಲಿ ನಡೆದ ಕಾರ್ಯಾಗಾರದಲ್ಲಿ ಹುಟ್ಟಿದ ಇದರಲ್ಲಿ ಮೂಲ ಅಂಶಗಳು 15: ಶೀರ್ಷಿಕೆ, ಕರ್ತೃ, ವಿಷಯ, ದಿನಾಂಕ, ಹಕ್ಕು ಮುಂತಾದವು. ಅಂಶಗಳನ್ನು ಕಲಿಯುವುದು ಸುಲಭ, ಒಂದೇ ರೀತಿ ತುಂಬುವುದು ಕಷ್ಟ.

ಶೀರ್ಷಿಕೆಯಿಲ್ಲದ ಒಂದು ಪತ್ರ ಸಿಕ್ಕಿತು ಎಂದುಕೊಳ್ಳಿ. ‘ಹಳೆಯ ಪತ್ರ’ ಎಂದು ಬರೆದರೆ ಯಾರೂ ಅದನ್ನು ಹುಡುಕಿ ತೆಗೆಯಲಾರರು. ‘[ಮುದ್ರಣಾಲಯದ ವ್ಯವಸ್ಥಾಪಕರಿಗೆ ಪತ್ರ, ಕಾಗದದ ಕೊರತೆ ಕುರಿತು]’ ಎಂದು ಬರೆಯಿರಿ. ಚೌಕ ಆವರಣ ಹಾಕಿದರೆ ಈ ಶೀರ್ಷಿಕೆ ಮೂಲದಲ್ಲಿಲ್ಲ, ನಾವು ಕೊಟ್ಟದ್ದು ಎಂದು ತಿಳಿಯುತ್ತದೆ. ಪತ್ರದಲ್ಲಿ ‘ಏಪ್ರಿಲ್ 1931’ ಎಂದಷ್ಟೇ ಇದ್ದರೆ ದಿನಾಂಕದ ಕಾಲಮ್‌ನಲ್ಲಿ 1931-04 ಎಂದಿರಲಿ. ದಿನ ಗೊತ್ತಿಲ್ಲವೆಂದು 01 ಸೇರಿಸಿದರೆ ಮುಂದೆ ಯಾರೋ ಅದನ್ನು ಏಪ್ರಿಲ್ ಒಂದೆಂದು ಉಲ್ಲೇಖಿಸುತ್ತಾರೆ. ವರ್ಷವೇ ಅಂದಾಜಾಗಿದ್ದರೆ 1931~ ಎಂದು ಬರೆಯುವ ಕ್ರಮವಿದೆ, ಅಂದಾಜಿನ ಆಧಾರವನ್ನು ಟಿಪ್ಪಣಿಯಲ್ಲಿ ಹೇಳಿ. ವಿವರಣೆಯಲ್ಲಿ ಕಣ್ಣಿಗೆ ಕಾಣುವುದನ್ನು ಬರೆಯಿರಿ. ಫೋಟೊದಲ್ಲಿರುವ ಇಬ್ಬರು ಗಂಡಹೆಂಡತಿ ಎಂದು ಎಲ್ಲೂ ಬರೆದಿಲ್ಲದಿದ್ದರೆ ನೀವೂ ಬರೆಯಬೇಡಿ.

ಹೆಸರುಗಳದ್ದು ದೊಡ್ಡ ತೊಡಕು. ಒಬ್ಬರೇ ವ್ಯಕ್ತಿ ಒಂದು ಕಡೆ ಇನಿಷಿಯಲ್ ಜೊತೆ, ಇನ್ನೊಂದು ಕಡೆ ಊರಿನ ಹೆಸರಿನ ಜೊತೆ, ಮತ್ತೊಂದು ಕಡೆ ಬರೀ ‘ರಾಯರು’ ಎಂದು ಬರುತ್ತಾರೆ. ಪ್ರತಿ ವ್ಯಕ್ತಿಗೂ ಒಂದೇ ಅಧಿಕೃತ ರೂಪ ನಿಗದಿ ಮಾಡಿ, ಉಳಿದ ರೂಪಗಳನ್ನು ಪಕ್ಕದ ಕಾಲಮ್‌ನಲ್ಲಿ ಇಡಿ. ವಿಕಿಡೇಟಾ ಎಂಬ ಮುಕ್ತ ಮಾಹಿತಿ ಕೋಶದಲ್ಲಿ ಆ ವ್ಯಕ್ತಿ ಇದ್ದರೆ ಅಲ್ಲಿನ ಗುರುತು ಸಂಖ್ಯೆಯನ್ನೂ ಸೇರಿಸಿ. ‘ಕೆ. ಎಸ್.’, ‘ಕೆ.ಎಸ್’ ಎಂಬಂಥ ಸಣ್ಣ ವ್ಯತ್ಯಾಸಗಳನ್ನು ಗುಂಪುಗೂಡಿಸಿ ತೋರಿಸಲು ಓಪನ್‌ರಿಫೈನ್ ಎಂಬ ಉಚಿತ ತಂತ್ರಾಂಶ ಇದೆ. ಅದು ಸೂಚಿಸಿದ್ದನ್ನೆಲ್ಲ ಕಣ್ಣುಮುಚ್ಚಿ ಒಪ್ಪಬೇಡಿ, ಒಂದೇ ಹೆಸರಿನ ಅಜ್ಜ ಮೊಮ್ಮಗ ಒಂದಾಗಿಬಿಟ್ಟಾರು.

ಸ್ಪ್ರೆಡ್‌ಶೀಟ್ ತಾನಾಗಿಯೇ ಮಾಡುವ ಅನಾಹುತಗಳೂ ಇವೆ. ಎಕ್ಸೆಲ್ 002 ಅನ್ನು 2 ಮಾಡುತ್ತದೆ, 3-4 ಎಂಬ ಕಡತ ಸಂಖ್ಯೆಯನ್ನು ದಿನಾಂಕವಾಗಿಸುತ್ತದೆ, 1900ಕ್ಕಿಂತ ಹಿಂದಿನ ದಿನಾಂಕವನ್ನು ದಿನಾಂಕವೆಂದೇ ಗುರುತಿಸುವುದಿಲ್ಲ. ತುಂಬಲು ಶುರುಮಾಡುವ ಮುನ್ನವೇ ಎಲ್ಲ ಕಾಲಮ್‌ಗಳನ್ನೂ ‘ಪಠ್ಯ’ ಮಾಡಿ. ಸಿಎಸ್‌ವಿ (ಕಾಲಮ್‌ಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸುವ ಸರಳ ಪಠ್ಯ ಫೈಲು) ಆಗಿ ಉಳಿಸುವಾಗ ಕನ್ನಡದಂಥ ಲಿಪಿಗಳನ್ನೂ ಉಳಿಸುವ ಯುಟಿಎಫ್-8 ಆಯ್ಕೆಯನ್ನೇ ಒತ್ತಿ. ಇಲ್ಲದಿದ್ದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿ ಉಳಿಯುತ್ತದೆ, ಅದನ್ನು ಹಿಂದಕ್ಕೆ ತರುವ ದಾರಿಯಿಲ್ಲ.

ಚಿತ್ರದಿಂದ ಪಠ್ಯಕ್ಕೆ

ಅಚ್ಚಾದ ಪುಟಗಳಿಗೆ ಟೆಸರಾಕ್ಟ್ ಎಂಬ ಮುಕ್ತ ತಂತ್ರಾಂಶ ಕನ್ನಡವನ್ನೂ ಓದುತ್ತದೆ. ಕೈಬರಹಕ್ಕೆ ಟ್ರಾನ್ಸ್‌ಕ್ರೈಬಸ್‌ನಂಥ ವೇದಿಕೆಗಳಿವೆ, ಆದರೆ ನಿಮ್ಮ ಸಂಗ್ರಹದ ಕೈಬರಹಕ್ಕೆ ಹೊಂದುವ ಮಾದರಿ ಸಿಗದಿದ್ದರೆ ನೀವೇ ಸಾಕಷ್ಟು ಪುಟಗಳನ್ನು ಟೈಪ್ ಮಾಡಿ ಅದಕ್ಕೆ ಕಲಿಸಬೇಕು. ಎಂಟು ವಾರದ ಇಂಟರ್ನ್‌ಶಿಪ್‌ನಲ್ಲಿ ಅದನ್ನು ಕೈಗೆತ್ತಿಕೊಳ್ಳದಿರುವುದೇ ಲೇಸು.

ನಿಖರತೆಯನ್ನು ಅಳೆಯದೆ ಪಠ್ಯವನ್ನು ಯಾರಿಗೂ ಕೊಡಬೇಡಿ. ಬೇರೆ ಬೇರೆ ಕಡೆಯ ಐದು ಪುಟ ತೆಗೆದುಕೊಂಡು ಕೈಯಾರೆ ತಿದ್ದಿ, ತಪ್ಪಿದ ಅಕ್ಷರ ಸಂಕೇತಗಳನ್ನು (ಮೂಲಾಕ್ಷರ, ಸ್ವರಚಿಹ್ನೆ, ಒತ್ತು ಎಲ್ಲ ಬಿಡಿಬಿಡಿಯಾಗಿ) ಎಣಿಸಿ. ನೂರಕ್ಕೆ ಐದು ತಪ್ಪೆಂದರೆ ಪರವಾಗಿಲ್ಲ ಅನ್ನಿಸುತ್ತದೆ. ಆದರೆ ತಪ್ಪುಗಳು ಎಲ್ಲ ಕಡೆ ಹರಡಿದ್ದರೆ, ಏಳು ಅಕ್ಷರ ಸಂಕೇತಗಳಿರುವ ಪದಗಳಲ್ಲಿ ನೂರಕ್ಕೆ ಮೂವತ್ತು, ಹತ್ತು ಸಂಕೇತಗಳಿರುವ ಪದಗಳಲ್ಲಿ ನಲವತ್ತು ಎಲ್ಲೋ ಒಂದು ಕಡೆ ಕೆಟ್ಟಿರುತ್ತವೆ. ಪ್ರತ್ಯಯಗಳು ಅಂಟಿಕೊಂಡು ಪದ ಉದ್ದವಾಗುವ ಕನ್ನಡದಲ್ಲಿ ಈ ಪೆಟ್ಟು ಜೋರು. ಹುಡುಕಾಟದಲ್ಲಿ ಆ ಪದಗಳು ಸಿಗುವುದೇ ಇಲ್ಲ.

ಕಣ್ಣಿಗೆ ಕಾಣದ ತಪ್ಪುಗಳು ಇನ್ನೂ ಕಠಿಣ. ‘ಸಂತೆ’ ಮತ್ತು ‘ಸ೦ತೆ’ ಪರದೆಯ ಮೇಲೆ ಒಂದೇ ಥರ ಕಾಣುತ್ತವೆ. ಮೊದಲನೆಯದರಲ್ಲಿ ಅನುಸ್ವಾರ ಇದೆ, ಎರಡನೆಯದರಲ್ಲಿ ಇರುವುದು ಕನ್ನಡದ ಸೊನ್ನೆ ಅಂಕಿ. ಒಂದನ್ನು ಹುಡುಕಿದರೆ ಇನ್ನೊಂದು ಸಿಗದು. ಅಕ್ಷರದ ಪಕ್ಕದಲ್ಲಿ ಸೊನ್ನೆ ಬಂದ ಜಾಗಗಳನ್ನೆಲ್ಲ ಹುಡುಕಿ ಅನುಸ್ವಾರ ಹಾಕಿ. ‘ಕೋ’ ಅಕ್ಷರದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬಿಡಿ ತುಂಡುಗಳಾಗಿಯೂ ಉಳಿಸಲು ಯುನಿಕೋಡ್‌ನಲ್ಲಿ ಸಾಧ್ಯವಿದೆ; ಇಡೀ ಪಠ್ಯವನ್ನು ಎನ್‌ಎಫ್‌ಸಿ ಎಂಬ ಏಕರೂಪಕ್ಕೆ (ತುಂಡುಗಳನ್ನು ಒಂದೇ ಸಂಕೇತವಾಗಿ ಕೂಡಿಸುವ ರೂಪ) ತಂದರೆ ಈ ಗೊಂದಲ ಬಗೆಹರಿಯುತ್ತದೆ. ಹಳೆಯ ‘ನುಡಿ’, ‘ಬರಹ’ ತಂತ್ರಾಂಶಗಳ ಫಾಂಟುಗಳಲ್ಲಿ ಟೈಪಾದ ಕಡತ ಸಿಕ್ಕರೆ ಮೊದಲು ಯುನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರ ಮತ್ತು ಅರ್ಕಾವೊತ್ತುಗಳನ್ನು ಮೂಲದ ಜೊತೆ ಇಟ್ಟು ನೋಡಿ. ಮೂಲ ಕಡತವನ್ನು ಮಾತ್ರ ಅಳಿಸಬೇಡಿ.

ಹಕ್ಕು, ಖಾಸಗಿತನ, ಪ್ರಕಟಣೆ

ಪತ್ರ ಸಂಸ್ಥೆಯ ಬಳಿ ಇದೆ ಎಂದ ಮಾತ್ರಕ್ಕೆ ಹಕ್ಕುಸ್ವಾಮ್ಯ ಸಂಸ್ಥೆಯದಲ್ಲ. ಕಾಗದ ಪಡೆದವರದು, ಬರಹದ ಹಕ್ಕು ಬರೆದವರದು. ಲೇಖಕರು ತೀರಿಕೊಂಡ ಮೇಲೆ ಭಾರತದಲ್ಲಿ ಸಾಮಾನ್ಯವಾಗಿ 60 ವರ್ಷ, ಯುರೋಪಿನ ಒಕ್ಕೂಟದಲ್ಲಿ 70 ವರ್ಷ ಆ ಹಕ್ಕು ಉಳಿಯುತ್ತದೆ. ಪ್ರತಿ ದಾಖಲೆಯ ಹಕ್ಕಿನ ಕಾಲಮ್ ತುಂಬಿರಬೇಕು, ‘ಪರಿಶೀಲನೆಯಾಗಿಲ್ಲ’ ಎಂಬ ಮಾತಾದರೂ ಇರಲಿ.

ಹಕ್ಕುಸ್ವಾಮ್ಯ ಮುಗಿದಿದ್ದರೂ ಹಾಕಬಾರದ ದಾಖಲೆಗಳಿವೆ. ಕಾಯಿಲೆಯ ವಿವರ, ಮಕ್ಕಳ ಹೆಸರು, ಬದುಕಿರುವವರ ವಿಳಾಸ, ಒಂದು ಕುಟುಂಬಕ್ಕೆ ಇಂದಿಗೂ ನೋವಾಗುವ ಮಾತು ಕಂಡರೆ ಗುರುತು ಹಾಕಿ ಮೇಲ್ವಿಚಾರಕರ ಮುಂದಿಡಿ. ನೀವೇ ತೀರ್ಮಾನಿಸಬೇಡಿ, ಸುಮ್ಮನೆ ದಾಟಿಯೂ ಹೋಗಬೇಡಿ. ಮೂಲ ಶೀರ್ಷಿಕೆಯಲ್ಲೇ ಅವಮಾನಕರ ಪದವಿದ್ದರೆ ಅದನ್ನು ಉದ್ಧರಣ ಚಿಹ್ನೆಯೊಳಗೆ ಹಾಗೇ ಉಳಿಸಿ, ವಿವರಣೆಯಲ್ಲಿ ಇಂದಿನ ಗೌರವದ ಪದ ಬಳಸಿ.

ಪ್ರಕಟಣೆಗೆ ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಒಮೆಕಾ, ಅಂದರೆ ಸಂಗ್ರಹಗಳನ್ನು ಜಾಲತಾಣದಲ್ಲಿ ತೋರಿಸುವ ತಂತ್ರಾಂಶ, ವಿದ್ಯಾರ್ಥಿಗಳಿಗೆ ಅನುಕೂಲ. ಡಬ್ಲಿನ್ ಕೋರ್ ಅದರೊಳಗೇ ಇರುವುದರಿಂದ ನಿಮ್ಮ ಸಿಎಸ್‌ವಿಯನ್ನು ನೇರವಾಗಿ ಏರಿಸಬಹುದು. ಮೊದಲು ಹತ್ತು ಸಾಲು ಮಾತ್ರ ಏರಿಸಿ, ದಿನಾಂಕ ಮತ್ತು ಕನ್ನಡ ಸರಿಯಾಗಿ ಕಾಣುತ್ತಿವೆಯೇ ನೋಡಿ, ಆಮೇಲೆ ಉಳಿದದ್ದು.

ಬಿಟ್ಟುಹೋಗುವ ಮುನ್ನ

ಮೊದಲ ದಿನದಿಂದಲೇ ಒಂದು ನಿರ್ಧಾರಗಳ ಕಡತ ಇಟ್ಟುಕೊಳ್ಳಿ: ದಿನಾಂಕ, ಎದುರಾದ ಪ್ರಶ್ನೆ, ಮಾಡಿದ ತೀರ್ಮಾನ, ಕಾರಣ. ದಾಖಲೆಗೆ ಇಂಥದೇ ವಿಷಯಪದ ಏಕೆ ಕೊಟ್ಟಿರಿ ಎಂಬುದು ಮೂರು ತಿಂಗಳಾದ ಮೇಲೆ ನಿಮಗೇ ನೆನಪಿರುವುದಿಲ್ಲ. ಮುಗಿಯದ ಕಡತಗಳ ಪಟ್ಟಿ, ಓದಲಾಗದ ಪುಟಗಳ ಪಟ್ಟಿ, ಬಳಸಿದ ತಂತ್ರಾಂಶಗಳ ಆವೃತ್ತಿ ಇವೂ ಅದರ ಜೊತೆ ಹೋಗಲಿ.

ಕೊನೆಯ ವಾರ ಹೊಸ ಹಾಳೆ ಮುಟ್ಟಬೇಡಿ. ಈ ಸಂಗ್ರಹವನ್ನು ಕಂಡೇ ಇರದ ಒಬ್ಬರನ್ನು ಕರೆದು ಕಂಪ್ಯೂಟರಿನಲ್ಲಿ ಒಂದು ಪತ್ರ ಹುಡುಕಿ, ಅದರ ಮೂಲ ಹಾಳೆಯನ್ನು ಪೆಟ್ಟಿಗೆಯಿಂದ ತೆಗೆಯಲು ಹೇಳಿ. ನೀವು ಬಾಯಿ ಬಿಡಬಾರದು. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ವಿವರ ಸಾಲದು ಎಂದರ್ಥ, ಉಳಿದ ದಿನಗಳನ್ನು ಅದನ್ನು ಸರಿಪಡಿಸಲು ಬಳಸಿ. ನಿಮ್ಮ ಸ್ವಂತ ಖಾತೆಯಲ್ಲಿ ತೆರೆದ ಡ್ರೈವ್ ಅಥವಾ ಜಾಲತಾಣ ಇದ್ದರೆ ಸಂಸ್ಥೆಯ ಹೆಸರಿಗೆ ವರ್ಗಾಯಿಸಿ, ಗುಪ್ತಪದಗಳನ್ನು ಅವರೇ ಬದಲಿಸಿಕೊಳ್ಳಲಿ, ನಿಮ್ಮ ಲ್ಯಾಪ್‌ಟಾಪಿನಲ್ಲಿ ಉಳಿದ ನಿರ್ಬಂಧಿತ ಚಿತ್ರಗಳನ್ನು ಅವರ ಎದುರಿಗೇ ಅಳಿಸಿ.