ಹೋಟೆಲ್ ಹುಡುಕುವ ಮೊದಲು ನಾನು ನಮ್ಮ ದಿನ ಬರೆದುಕೊಳ್ಳುತ್ತೇನೆ

ಶಿರಸಿಯಲ್ಲಿ ನಮ್ಮದು ಅಡಿಕೆ, ಕಾಳುಮೆಣಸಿನ ವ್ಯಾಪಾರ. ಹಾಗಾಗಿ ಬೆಂಗಳೂರು, ಮುಂಬೈ ಓಡಾಟ ತಪ್ಪಿದ್ದಲ್ಲ. ಅಪ್ಪಯ್ಯ, ಆಯಿಯನ್ನು ದೊಡ್ಡ ಆಸ್ಪತ್ರೆಗೆ ತೋರಿಸಲು ಕರೆದುಕೊಂಡು ಹೋಗಬೇಕಾಗುತ್ತದೆ. ಒಮ್ಮೊಮ್ಮೆ ನಾನು, ನನ್ನ ಹೆಂಡತಿ ಇಬ್ಬರೇ ಆರಾಮಾಗಿ ಇದ್ದು ಬರೋಣ ಅಂತ ಹೋಗುವುದೂ ಇದೆ. ಊರಲ್ಲಿ ನೆಂಟರು, ಗೆಳೆಯರು ಆಗಾಗ ಕೇಳುತ್ತಾರೆ: "ಬೆಂಗಳೂರಲ್ಲಿ ಒಳ್ಳೆ ಫೈವ್ ಸ್ಟಾರ್ ಯಾವ್ದು?" ನಾನು ತಿರುಗಿ ಕೇಳುತ್ತೇನೆ: "ಯಾರ್ಯಾರು ಹೋಗ್ತೀರಿ, ಎಷ್ಟು ಹೊತ್ತಿಗೆ ಮುಟ್ತೀರಿ?"

ಎಲ್ಲರಿಗೂ ಒಳ್ಳೆಯದು ಅನ್ನುವಂಥ ಹೋಟೆಲ್ ಇಲ್ಲ. ನಾನು ಮೊದಲು ಒಂದು ಹಾಳೆಯಲ್ಲಿ ಆ ಪ್ರಯಾಣದ ದಿನವನ್ನು ಬರೆಯುತ್ತೇನೆ. ಎಷ್ಟಕ್ಕೆ ಇಳಿಯುತ್ತೇವೆ, ಎಲ್ಲಿಗೆ ಹೋಗಬೇಕು, ಮಧ್ಯಾಹ್ನ ರೂಮಿಗೆ ವಾಪಸ್ ಬರುತ್ತೇವಾ, ರಾತ್ರಿ ಊಟ ಎಲ್ಲಿ, ಹೊರಡುವುದು ಎಷ್ಟಕ್ಕೆ. ಹೋಟೆಲ್ ಹುಡುಕುವುದು ಆಮೇಲೆ.

ನಮ್ಮ ಜಿಲ್ಲೆಯವರಿಗೆ ಮೊದಲ ಸಮಸ್ಯೆ ಬೆಳಗಿನ ಜಾವದ್ದು. ಶಿರಸಿಯಿಂದ ರಾತ್ರಿ ಬಸ್ ಹತ್ತಿದರೆ ಬೆಳಕು ಹರಿಯುವ ಹೊತ್ತಿಗೆ ಮೆಜೆಸ್ಟಿಕ್. ಕಾರವಾರದಿಂದ ಪಂಚಗಂಗಾ ರೈಲಿನಲ್ಲಿ ಬಂದರೂ ಬೆಳಿಗ್ಗೆಯೇ. ದೊಡ್ಡ ಹೋಟೆಲುಗಳಲ್ಲಿ ಚೆಕ್-ಇನ್ ಮಧ್ಯಾಹ್ನ ಎರಡಕ್ಕೋ ಮೂರಕ್ಕೋ. ನಡುವೆ ಎಂಟು ತಾಸು! ಲಾಬಿಯ ಸೋಫಾ ಎಷ್ಟೇ ಮೆತ್ತಗಿರಲಿ, ಬಸ್ಸಿನಲ್ಲಿ ರಾತ್ರಿ ಕಳೆದ ವಯಸ್ಸಾದವರಿಗೆ ಅದು ಹಾಸಿಗೆ ಆಗುವುದಿಲ್ಲ. ರೂಮು ಖಾಲಿ ಇದ್ದರೆ ಬೇಗ ಕೊಡುತ್ತಾರೆ, ಕೆಲವರು ಅದಕ್ಕೂ ದುಡ್ಡು ಹಾಕುತ್ತಾರೆ. ಆದರೆ ಯಾರೂ ಖಾತ್ರಿ ಕೊಡುವುದಿಲ್ಲ. ಅಪ್ಪಯ್ಯ, ಆಯಿ ಜೊತೆಗಿದ್ದರೆ ನಾನು ಹಿಂದಿನ ರಾತ್ರಿಯಿಂದಲೇ ರೂಮು ಬುಕ್ ಮಾಡುತ್ತೇನೆ. ಮಾಡಿದ ಮೇಲೆ ಹೋಟೆಲಿಗೆ ಫೋನ್ ಮಾಡಿ, "ನಾವು ಮುಟ್ಟೋದು ಮರುದಿನ ಬೆಳಿಗ್ಗೆ ಆರಕ್ಕೆ, ರೂಮು ಬಿಟ್ಟುಕೊಡಬೇಡಿ" ಅಂತ ಹೇಳಿ, ಅದನ್ನೇ ಇಮೇಲಿನಲ್ಲೂ ಹಾಕುತ್ತೇನೆ. ಇಷ್ಟು ಮಾಡದಿದ್ದರೆ ರಾತ್ರಿ ಬರಲಿಲ್ಲ ಅಂತ ಬುಕಿಂಗನ್ನೇ ರದ್ದು ಮಾಡುವ ಸಾಧ್ಯತೆ ಇದೆ.

ಒಬ್ಬನೇ ಹೋದಾಗ ಈ ಖರ್ಚು ದಂಡ. ಬ್ಯಾಗನ್ನು ಬೆಲ್ ಡೆಸ್ಕಿನಲ್ಲಿ (ಸಾಮಾನು ಇಟ್ಟುಕೊಳ್ಳುವ ಜಾಗ) ಇಟ್ಟು, ಜಿಮ್ ಪಕ್ಕದ ಸ್ನಾನದ ಕೋಣೆ ಬಳಸಬಹುದಾ ಅಂತ ಕೇಳುತ್ತೇನೆ. ಬಹಳ ಕಡೆ ಖುಷಿಯಿಂದ ಬಿಡುತ್ತಾರೆ. ಸ್ನಾನ, ತಿಂಡಿ ಮುಗಿಸಿ ಕೆಲಸಕ್ಕೆ ಹೊರಟರೆ ರೂಮಿನ ಕೀ ಸಂಜೆ ಸಿಕ್ಕರೂ ಸಾಕು.

ಹಿರಿಯರ ಜೊತೆ ಹೋಗುವಾಗ ನಾನು ಜಾಸ್ತಿ ಹೊತ್ತು ಕಳೆಯುವುದು ಬಚ್ಚಲುಮನೆಯ ಫೋಟೋ ನೋಡುತ್ತಾ. ಹೋಟೆಲಿನವರು ಹಾಕಿದ ಫೋಟೋ ಅಲ್ಲ, ಉಳಿದು ಹೋದವರು ಹಾಕಿದ್ದು. ಟಬ್ ಒಳಗೆ ನಿಂತು ಸ್ನಾನ ಮಾಡುವ ವ್ಯವಸ್ಥೆ ಇದ್ದರೆ ನಮಗೆ ಬೇಡವೇ ಬೇಡ. ಮೊಣಕಾಲು ನೋವಿರುವ ಆಯಿ ಒದ್ದೆ ಕಾಲಿನಲ್ಲಿ ಅಷ್ಟೆತ್ತರದ ಅಂಚು ದಾಟುವುದು ಹೇಗೆ? ಶವರ್ ಜಾಗ ನೆಲದ ಮಟ್ಟದಲ್ಲೇ ಇರಬೇಕು, ಗೋಡೆಗೆ ಹಿಡಿಕೆ ಇರಬೇಕು, ಕಮೋಡ್ ಪಕ್ಕ ಜೆಟ್ ಸ್ಪ್ರೇ ಇರಬೇಕು. ಬಕೆಟ್, ಮಗ್ ಬೇಕು ಅಂದರೆ ಎಂಥ ಹೋಟೆಲಿನಲ್ಲೂ ಸಾಮಾನ್ಯವಾಗಿ ತಂದುಕೊಡುತ್ತಾರೆ, ಕೇಳಲು ಸಂಕೋಚ ಬೇಡ. ಇನ್ನು ಕೆಲವು ಹೊಸ ಹೋಟೆಲುಗಳಲ್ಲಿ ಬಚ್ಚಲಿಗೂ ಮಲಗುವ ಕೋಣೆಗೂ ನಡುವೆ ಗಾಜಿನ ಗೋಡೆ. ಪರದೆ ಇರುತ್ತದೆ ಅನ್ನಿ, ಆದರೂ ನಮ್ಮ ಮನೆಯ ಹಿರಿಯರಿಗೆ ಅದು ಹಿತವಲ್ಲ.

ರೂಮಿನಲ್ಲಿ ನೀರು ಕಾಯಿಸುವ ಕೆಟಲ್ ಇದ್ದೇ ಇರುತ್ತದೆ. ಆಯಿ ಕಷಾಯದ ಪುಡಿ ಕಟ್ಟಿಕೊಂಡೇ ಬರುತ್ತಾಳೆ. ರಾತ್ರಿಯೇ ರೂಮ್ ಸರ್ವಿಸ್‌ಗೆ ಹೇಳಿಟ್ಟರೆ ಬೆಳಿಗ್ಗೆ ಬಿಸಿ ಹಾಲು ಬರುತ್ತದೆ. ಐದಕ್ಕೆ ಏಳುವ ಅವರಿಗೆ ಏಳಕ್ಕೋ ಏಳೂವರೆಗೋ ಶುರುವಾಗುವ ತಿಂಡಿಯವರೆಗೆ ಇದೇ ಆಧಾರ.

ಬೆಂಗಳೂರಲ್ಲಿ ಅವರಿಬ್ಬರಿಗೂ ಒಪ್ಪಿಗೆಯಾದದ್ದು ರೇಸ್‌ಕೋರ್ಸ್ ರಸ್ತೆಯ ತಾಜ್ ವೆಸ್ಟ್ ಎಂಡ್. 1887ರಲ್ಲಿ ಶುರುವಾದ ಜಾಗ ಅದು. ಸುಮಾರು 20 ಎಕರೆ ತೋಟ, ದೊಡ್ಡ ದೊಡ್ಡ ಹಳೆಯ ಮರಗಳು, ಮೆಜೆಸ್ಟಿಕ್‌ಗೂ ಹತ್ತಿರ. ಮೊದಲ ದಿನ ಆಯಿ ಜಗುಲಿಗೆ ಬಂದು ನಿಂತವಳು, "ತಮಾ, ಇಲ್ಲೂ ಹಕ್ಕಿ ಕೂಗ್ತು!" ಅಂದಳು. ಮಲೆನಾಡಿನವರಿಗೆ ಹದಿನೈದನೇ ಮಹಡಿಯ ಗಾಜಿನ ಕಿಟಕಿಗಿಂತ ಇದು ಹಿಡಿಸುತ್ತದೆ. ಒಂದೇ ಎಚ್ಚರ: ಅಷ್ಟು ದೊಡ್ಡ ಜಾಗದಲ್ಲಿ ರೂಮಿಗೂ ತಿಂಡಿಯ ಜಾಗಕ್ಕೂ ನಡೆಯುವ ದೂರ ಜಾಸ್ತಿ ಆಗಬಹುದು. ಹತ್ತಿರದ ಬ್ಲಾಕಿನಲ್ಲಿ, ನೆಲಮಹಡಿಯಲ್ಲಿ ಕೊಡಿ ಅಂತ ಮೊದಲೇ ಕೇಳಿಕೊಳ್ಳಬೇಕು.

ನನ್ನ ಸ್ವಂತ ಕೆಲಸಕ್ಕಾದರೆ ಮರ, ತೋಟ ಯಾವುದೂ ಲೆಕ್ಕಕ್ಕಿಲ್ಲ. ಎಂ.ಜಿ. ರಸ್ತೆ, ಟ್ರಿನಿಟಿ ಸುತ್ತಮುತ್ತ ಉಳಿದರೆ ಮೆಜೆಸ್ಟಿಕ್‌ನಿಂದ ನೇರಳೆ ಮೆಟ್ರೋದಲ್ಲಿ ಸೀದಾ ಹೋಗಬಹುದು. ಹಳೆ ವಿಮಾನ ನಿಲ್ದಾಣ ರಸ್ತೆಯ ಲೀಲಾ ಪ್ಯಾಲೇಸ್ ನೋಡಲು ಅರಮನೆಯೇ, ಆದರೆ ದಿನಕ್ಕೆ ಮೂರು ಕಡೆ ಹೋಗಬೇಕಾದವನಿಗೆ ಆ ರಸ್ತೆಯ ಟ್ರಾಫಿಕ್ಕೇ ಅರ್ಧ ದಿನ ತಿನ್ನುತ್ತದೆ. ಮುಂಬೈಯಲ್ಲೂ ಹೀಗೇ. ಮಸಾಲೆ ಪೇಟೆ ಇರುವುದು ನವಿ ಮುಂಬೈನ ವಾಶಿಯಲ್ಲಿ. ಕುಮಟಾದಲ್ಲಿ ಮತ್ಸ್ಯಗಂಧ ರೈಲು ಹತ್ತಿ ಬೆಳಿಗ್ಗೆ ಕುರ್ಲಾದಲ್ಲಿ ಇಳಿದ ಮೇಲೆ, ದಕ್ಷಿಣದ ತುದಿಯ ಕೊಲಾಬಾಕ್ಕೆ ಹೋಗಿ ಅಲ್ಲಿಂದ ದಿನಾ ವಾಶಿಗೆ ಓಡಾಡುವುದು ಯಾಕೆ? ವಾಶಿಯಲ್ಲೇ ಒಳ್ಳೆಯ ಹೋಟೆಲುಗಳಿವೆ.

ಕೊಲಾಬಾದ ತಾಜ್ ಮಹಲ್ ಪ್ಯಾಲೇಸ್‌ಗೆ ಹೋಗಿದ್ದು ಹೆಂಡತಿ ಜೊತೆ. 1903ರಲ್ಲಿ ಬಾಗಿಲು ತೆರೆದ ಹೋಟೆಲ್, ಎದುರಿನ ಗೇಟ್‌ವೇ ಆಫ್ ಇಂಡಿಯಾಕ್ಕಿಂತ ಹಳೆಯದು. ಅಲ್ಲಿ ಆಮೇಲೆ ಕಟ್ಟಿದ ಎತ್ತರದ ಟವರ್ ಬೇರೆ, ಹಳೆಯ ಪ್ಯಾಲೇಸ್ ಭಾಗ ಬೇರೆ. ಟವರಿನಲ್ಲಿ ದರ ಸಾಮಾನ್ಯವಾಗಿ ಕಡಿಮೆ. ನಾವು ಹಳೆಯ ಭಾಗದಲ್ಲೇ ಸಮುದ್ರದ ಕಡೆಯ ರೂಮು ತೆಗೆದುಕೊಂಡೆವು, ಯಾಕೆಂದರೆ ಹೊರಗೆ ತಿರುಗುವ ಯೋಚನೆಯೇ ಇರಲಿಲ್ಲ. ಆ ಮೆಟ್ಟಿಲು, ಆ ಕಮಾನು, ಕಿಟಕಿಯಲ್ಲಿ ಕೂತು ದೋಣಿ ನೋಡುವುದು, ಅಷ್ಟಕ್ಕೇ ಹೋಗಿದ್ದು. ಹೋಟೆಲೇ ಪ್ರವಾಸ ಅನ್ನುವಾಗ ಕಿಟಕಿಗೆ ಕೊಟ್ಟ ದುಡ್ಡು ಸಾರ್ಥಕ. ರಾತ್ರಿ ಹನ್ನೊಂದಕ್ಕೆ ಬಂದು ಬೆಳಿಗ್ಗೆ ಎಂಟಕ್ಕೆ ಹೊರಡುವವರಿಗೆ ಅದೇ ದುಡ್ಡು ನೀರಿಗೆ ಹಾಕಿದಂತೆ.

ಕಾರವಾರದ ನನ್ನ ಗೆಳೆಯನ ರೀತಿ ಪೂರ್ತಿ ಬೇರೆ. ಹೋದ ಊರಲ್ಲಿ ಮೀನೂಟ ಎಲ್ಲಿ ಚೆನ್ನಾಗಿದೆ ಅಂತ ಹುಡುಕುವುದೇ ಅವನಿಗೆ ಸಂಭ್ರಮ. ಅವನಿಗೆ ತಿಂಡಿ, ಊಟ ಸೇರಿದ ಪ್ಲಾನ್ ಬೇಡ, ಬರೀ ರೂಮಿನ ದರ ಸಾಕು. ನಾವು ಸಸ್ಯಾಹಾರಿಗಳು, ಹಿರಿಯರು ಇದ್ದರಂತೂ ತಿಂಡಿ ಸೇರಿಸಿಯೇ ತೆಗೆದುಕೊಳ್ಳುತ್ತೇವೆ.

ದುಡ್ಡಿನ ಲೆಕ್ಕದಲ್ಲಿ ತೆರಿಗೆ ಮರೆಯಬಾರದು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ ಶೇ 5, ಅದನ್ನು ದಾಟಿದರೆ ಶೇ 18. ಅಂದರೆ 7,400ರ ರೂಮಿಗೆ ಕೊಡುವುದು 7,770, 7,600ರ ರೂಮಿಗೆ 8,968. ಇನ್ನೂರು ರೂಪಾಯಿ ವ್ಯತ್ಯಾಸ ಸಾವಿರದ ಇನ್ನೂರಕ್ಕೆ ಹತ್ತಿರ ಹೋಯಿತು, ಅಲ್ವಾ? ವ್ಯಾಪಾರದ ಕೆಲಸಕ್ಕೆ ಬೆಂಗಳೂರಲ್ಲಿ ಉಳಿದರೆ ನಮ್ಮ ಜಿಎಸ್‌ಟಿ ನಂಬರ್ ಕೊಟ್ಟು ಬಿಲ್ ಮಾಡಿಸುತ್ತೇನೆ, ಶೇ 18ರ ತೆರಿಗೆಗೆ ಕ್ರೆಡಿಟ್ ಸಿಗುತ್ತದೆ, ಅಂದರೆ ನಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಅಷ್ಟನ್ನು ಕಳೆದುಕೊಳ್ಳಬಹುದು. ಮುಂಬೈಯಲ್ಲಿ ಸಿಗುವುದಿಲ್ಲ. ಹೋಟೆಲ್ ಇರುವ ರಾಜ್ಯದ ತೆರಿಗೆ ಬೀಳುತ್ತದೆ, ಕರ್ನಾಟಕದ ನೋಂದಣಿಯಲ್ಲಿ ಅದನ್ನು ಹಿಡಿಯಲು ಬರುವುದಿಲ್ಲ. ಹಾಗಾಗಿ ಅಲ್ಲಿನ ದರವನ್ನು ತೆರಿಗೆ ಸಮೇತವೇ ನೋಡುತ್ತೇನೆ.

ಬುಕ್ ಮಾಡುವ ಮುಂಚೆ ಪಂಚಾಂಗ ತೆಗೆಯುತ್ತೇನೆ. ಒಳ್ಳೆಯ ಮುಹೂರ್ತದ ದಿನ ಫೈವ್ ಸ್ಟಾರಿನಲ್ಲೂ ಮದುವೆ ಇರುತ್ತದೆ. ಲಿಫ್ಟಿಗೆ ಸಾಲು, ರಾತ್ರಿವರೆಗೆ ಬ್ಯಾಂಡು, ತಿಂಡಿಗೆ ನೂಕುನುಗ್ಗಲು. ಆ ದಿನ ಹೋಗಲೇಬೇಕು ಅಂದರೆ ಹಾಲ್‌ನಿಂದ ದೂರದ, ಮೇಲಿನ ಮಹಡಿ ಕೇಳುತ್ತೇನೆ. ಬೆಂಗಳೂರಲ್ಲಿ ಇನ್ನೊಂದು ಲೆಕ್ಕ ಇದೆ. ಬೆಸ ವರ್ಷಗಳ ಫೆಬ್ರುವರಿಯಲ್ಲಿ ಯಲಹಂಕದಲ್ಲಿ ಏರೋ ಇಂಡಿಯಾ ವಿಮಾನ ಪ್ರದರ್ಶನ ನಡೆಯುತ್ತದೆ, ಆಗ ಒಳ್ಳೆಯ ಹೋಟೆಲುಗಳ ದರ ಗಗನಕ್ಕೆ. ಅದೇ ಆಫೀಸು ಜನ ಹೆಚ್ಚು ಉಳಿಯುವ ಹೋಟೆಲುಗಳು ಶನಿವಾರ, ಭಾನುವಾರ ಎಷ್ಟೋ ಸಲ ಅಗ್ಗ.

ಎರಡು ರೂಮು ಬೇಕಾದರೆ ಒಳಗಿನಿಂದ ಬಾಗಿಲು ಇರುವ ಕನೆಕ್ಟಿಂಗ್ ರೂಮೇ ಬೇಕು ಅಂತ ಬರೆದು ಕೇಳಿ, ಬರೆದೇ ಉತ್ತರ ತೆಗೆದುಕೊಳ್ಳಿ. "ಪಕ್ಕಪಕ್ಕ ಕೊಡ್ತೀವಿ" ಅಂತ ಫೋನಿನಲ್ಲಿ ಹೇಳಿದ ಒಂದು ಕಡೆ ನಮಗೆ ಸಿಕ್ಕಿದ್ದು ಬೇರೆ ಬೇರೆ ಮಹಡಿ. ರಾತ್ರಿ ಅಪ್ಪಯ್ಯನಿಗೆ ಮಾತ್ರೆ ಕೊಡಲು ಲಿಫ್ಟ್ ಹತ್ತಿ ಇಳಿಯಬೇಕಾಯಿತು.

ಮಳೆಗಾಲದಲ್ಲಿ ಮಾತ್ರ ಎಷ್ಟೇ ಅಗ್ಗ ಇದ್ದರೂ ದುಡ್ಡು ವಾಪಸ್ ಬರದ ದರಕ್ಕೆ ನಾನು ಕೈ ಹಾಕುವುದಿಲ್ಲ. ದೇವಿಮನೆ ಘಟ್ಟದಲ್ಲಿ ಮಣ್ಣು ಕುಸಿದರೆ ನಾವು ಕುಮಟಾಕ್ಕೆ ಇಳಿಯುವುದೇ ಕಷ್ಟ. 2024ರ ಜುಲೈನಲ್ಲಿ ಅಂಕೋಲಾ ಹತ್ತಿರದ ಶಿರೂರಿನ ಗುಡ್ಡ ಬಿದ್ದಾಗ ಕರಾವಳಿಯ ಹೆದ್ದಾರಿಯೇ ಬಂದ್ ಆಗಿತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಹಿಂದಿನ ದಿನದವರೆಗೂ ರದ್ದು ಮಾಡಬಹುದಾದ ದರವನ್ನೇ ಹುಡುಕುತ್ತೇನೆ, ಅದಕ್ಕೆ ನಾಲ್ಕು ಕಾಸು ಹೆಚ್ಚು ಬಿದ್ದರೂ ಕೊಡುತ್ತೇನೆ.