ಬೋರಿನ ನೀರು ಬಿಟ್ಟ ಮೇಲೆ ಬದುಕಿದ ಕ್ರಿಸ್ಮಸ್ ಗಿಡ

"ಬಿಜಾಪುರದ ಬಿಸಿಲಾಗ ಕ್ರಿಸ್ಮಸ್ ಗಿಡ ಬೆಳಸ್ತೀಯೇನೋ? ಮೇ ತಿಂಗಳದಾಗ ಮಂದೀನ ಬಾಡ್ತಾರ" ಅಂತ ನಕ್ಕವರು ನಮ್ಮ ಸುತ್ತಲಿನ ನರ್ಸರಿಯವರೇ. ಹೋದ ಡಿಸೆಂಬರಿನಲ್ಲಿ ನನ್ನ ಆಳೆತ್ತರದ ಅರಕೇರಿಯಾ, ಅಂದರೆ ಅದೇ ಕ್ರಿಸ್ಮಸ್ ಗಿಡದ ಕುಂಡಗಳು ನಲವತ್ತರಷ್ಟು ಬಾಡಿಗೆಗೆ ಹೋದವು. ನಕ್ಕವರಲ್ಲಿ ಇಬ್ಬರು ಈಗ ಸಸಿ ಕೇಳಿಕೊಂಡು ಬಂದಿದ್ದಾರೆ.

ಆರು ವರ್ಷದ ಹಿಂದೆ ಬೆಂಗಳೂರಿನಿಂದ 120 ಸಸಿ ತರಿಸಿದ್ದೆ, ಲಾರಿ ಬಾಡಿಗೆ ಸೇರಿ ಒಂದಕ್ಕೆ 85 ರೂಪಾಯಿ ಬಿದ್ದಿರಬೇಕು. ಯುಗಾದಿ ಹೊತ್ತಿಗೆ ಎಲೆತುದಿ ಕಂದಾಗಿ, ಕೆಳಟೊಂಗೆ ಒಂದೊಂದೇ ಉದುರತೊಡಗಿದವು. ಗೊತ್ತಲ್ಲ, ಈ ಗಿಡದ ಕೆಳಟೊಂಗೆ ಹೋದರೆ ಮತ್ತೆ ಬರುವುದಿಲ್ಲ, ಉಳಿಯುವುದು ಛತ್ರಿಯ ಕೋಲು. ಬಿಸಿಲೇ ಕಾರಣ ಅಂತ ಅರ್ಧ ಬಿಸಿಲು ತಡೆಯುವ 50ರ ನೆರಳು ನೆಟ್ ಕಿತ್ತು ಮುಕ್ಕಾಲು ತಡೆಯುವ 75ರದು ಹಾಕಿದೆ. 14 ಸಾವಿರ ಹೋಯಿತು. ಗಿಡ ಸಣಕಲಾದವು, ಸಾಯುವುದೇನೂ ನಿಲ್ಲಲಿಲ್ಲ. ನೂರರ ಹತ್ತಿರ ಕಿತ್ತು ಬಿಸಾಕಿದೆ.

ಅದರಲ್ಲಿ ಎರಡು ಕುಂಡ ಮನೆಯವಳು ಕಟ್ಟೆಯ ಮೇಲೆ ಇಟ್ಟುಕೊಂಡಿದ್ದಳು. ಮಧ್ಯಾಹ್ನದ ತನಕ ಬಿಸಿಲು ಬಡಿಯುವ ಜಾಗ, ಆದರೂ ಹಸಿರಾಗಿದ್ದವು. ಏನು ಹಾಕ್ತೀ ಅಂದರೆ, "ಏನೂ ಇಲ್ರಿ, ಕುಡಿಯೋ ಕೊಡದಾಗ ಉಳಿದ ನೀರು" ಅಂದಳು. ಅದು ಶುದ್ಧ ನೀರಿನ ಘಟಕದ ನೀರು. ನರ್ಸರಿಗೆ ಹೋಗಿ ನೋಡಿದರೆ ಪ್ರತಿ ಕುಂಡದ ಅಂಚಿಗೂ ಸುಣ್ಣ ಬಳಿದಂತೆ ಬಿಳಿ ಪೊರೆ! ನಮ್ಮ ಬೋರಿನ ಸವಳು ನೀರು.

ನನಗೆ ಅಲ್ಲಿಯವರೆಗೆ ಹೊಳೆಯದಿರಲು ಕಾರಣವೂ ಇತ್ತು. ಇದು ಪೆಸಿಫಿಕ್ ಸಾಗರದ ನಾರ್ಫೋಕ್ ದ್ವೀಪದ ಗಿಡ. 1774ರಲ್ಲಿ ಕ್ಯಾಪ್ಟನ್ ಕುಕ್ ನೋಡಿ, ಹಡಗಿನ ಪಟಸ್ತಂಭಕ್ಕೆ ಆದೀತು ಅಂದುಕೊಂಡಿದ್ದ ಮರ. ಸಮುದ್ರದ ಉಪ್ಪುಗಾಳಿ ತಡೆಯುವುದಕ್ಕೆ ನಮ್ಮ ನೀರು ಯಾವ ಲೆಕ್ಕ ಅಂತಿದ್ದೆ. ಗಾಳಿಯ ಉಪ್ಪು ಎಲೆಗೆ, ಬೋರಿನ ಉಪ್ಪು ಬೇರಿಗೆ. ಮೇಲಿಂದ ಎರಿ ಮಣ್ಣಿನಲ್ಲಿ ನೀರು ಇಳಿಯದು.

ಎರಿ ಮಣ್ಣು ಬಿಟ್ಟು ಕೆಮ್ಮಣ್ಣು, ಕೋಕೋಪಿಟ್ (ತೆಂಗಿನ ನಾರಿನ ಪುಡಿ), ಇದ್ದಿಲ ಚೂರಿಗೆ ಬಂದೆ. ಶೆಡ್ಡಿನ ತಗಡಿನಿಂದ ಮಳೆನೀರು ಸಿಂಟೆಕ್ಸಿಗೆ ಇಳಿಸಿದೆ, ಖರ್ಚು 9 ಸಾವಿರ. ಮಳೆನೀರು ತೀರಿದ ಮೇಲೆ ಬೋರಿನ ನೀರಿಗೇ ಒಂದು ಹುಳಿ ಬೆರೆಸುತ್ತೇನೆ. ಯಾವುದು, ಎಷ್ಟು ಅಂತ ಕೇಳಬೇಡಿ, ಹೊಟ್ಟೆಪಾಡು. ಎರಡನೆಯ ಸಲ 60 ತಂದೆ, 48 ಉಳಿದವು.

ನಡುವೆ ದುಡ್ಡು ಉಳಿಸಲು ಪಕ್ಕದ ಟೊಂಗೆ ಕತ್ತರಿಸಿ ನೆಟ್ಟೆ. ಬೇರು ಬಿಟ್ಟವು, ಆದರೆ ಎರಡು ವರ್ಷವಾದರೂ ಹಾವಿನಂತೆ ಅಡ್ಡವೇ ಹರಿದವು. ನೆಟ್ಟಗೆ ಏಳುವುದು ಸುಳಿಯ ತುಂಡು ಮಾತ್ರ. ಇನ್ನು ಕೆಲವು ಗಿಡ ದಕ್ಷಿಣಕ್ಕೆ ವಾಲಿದವು, ಕುಂಡ ತಿರುಗಿಸಿ ತಿರುಗಿಸಿ ಸಾಕಾಯಿತು. ಆಮೇಲೆ ತಿಳಿಯಿತು, ಅರಕೇರಿಯಾ ಅಂತ ಮಾರುವುದರಲ್ಲಿ ಕುಕ್ ಪೈನೂ ಸೇರಿರುತ್ತದೆ, ಅದು ಎಲ್ಲಿ ಬೆಳೆದರೂ ಭೂಮಧ್ಯರೇಖೆ ಕಡೆಗೇ ವಾಲುವ ಜಾತಿ.

ಒಬ್ಬ ಗಿರಾಕಿ, "ಇದು ಖರೇ ಕ್ರಿಸ್ಮಸ್ ಗಿಡ ಅಲ್ಲ" ಅಂದ. ಹೌದು, ಯುರೋಪಿನಲ್ಲಿ ಫರ್, ಸ್ಪ್ರೂಸ್ ಕಡಿದು ತರುತ್ತಾರೆ. 1605ರಲ್ಲಿ ಸ್ಟ್ರಾಸ್‌ಬರ್ಗಿನ ಮನೆಗಳಲ್ಲಿ ಅದಕ್ಕೆ ಕಾಗದದ ಗುಲಾಬಿ, ಸೇಬು ಕಟ್ಟುತ್ತಿದ್ದರಂತೆ. ಡಿಸೆಂಬರ್ 24 ಆದಾಮ ಹವ್ವೆಯರ ದಿನವೂ ಹೌದಲ್ಲ, ಸೇಬಿನ ನಂಟು ಅಲ್ಲಿಯದು. ನಾನೂ ಸೇಬಿನ ಬದಲು ನಮ್ಮ ಇಂಡಿ ಊರಿನ ಲಿಂಬೆ ಕಟ್ಟಿ ನೋಡಿದೆ. ಟೊಂಗೆ ಬಗ್ಗಿ ಗಿಡ ಮಳೆಯಲ್ಲಿ ನೆನೆದ ಕೋಳಿಯಂತಾಯಿತು. ಬಾರಿಹಣ್ಣು ಕಟ್ಟಿದರೆ ಚಂದ.

ಬಾಡಿಗೆ 700, ಡಿಪಾಜಿಟ್ 1,000. ಜನವರಿ 6ಕ್ಕೆ, ಕೂಸು ಯೇಸುವನ್ನು ನೋಡಲು ಬಂದ ಮೂರು ರಾಯರ ಹಬ್ಬ ಮುಗಿದ ಮೇಲೆ ವಾಪಸ್. ಸ್ಪ್ರೇ ಹಿಮ ಹೊಡೆಯಬೇಡಿ ಅಂತ ಚೀಟಿ ಕಟ್ಟಿದರೂ ಆರೇಳು ಗಿಡ ಬೆಳ್ಳಗಾಗಿಯೇ ಬಂದವು. ಟೂತ್‌ಬ್ರಷ್ ಹಿಡಿದು ತೊಳೆದೆ. ಹಾಕಿದ ದುಡ್ಡು ಬಹುತೇಕ ಬಂದಂತೆಯೇ. ಒಂದು ಕಾನ್ವೆಂಟಿನ ಸಿಸ್ಟರ್ ಮಾತ್ರ ಕುಂಡ ಇನ್ನೂ ಕೊಟ್ಟಿಲ್ಲ. ಫೋನ್ ಮಾಡಿದರೆ, "ಈಸ್ಟರ್ ಮುಗೀಲಿ ಬಿಡ್ರಿ" ಅಂತಾರೆ. ಡಿಪಾಜಿಟ್ ನನ್ನ ಹತ್ತಿರವೇ ಇದೆ, ಆದರೆ ಆ ಗಿಡದ ರೇಟು ಎರಡೂವರೆ ಸಾವಿರ.